ಬಿಸಿಲು, ಬೆದರಿಕೆ, ಸಾರಾಯಿ: ದನ, ಕುರಿ, ಕೋಳಿಗಳ ಹಾರ್ಮೋನು ಗ್ರಂಥಿಗಳನ್ನು ಕಾಯುವುದು ಹೇಗೆ

ಮೇ ತಿಂಗಳಲ್ಲಿ ಟಗರು ಬಿಸಿಲಿಗೆ ಸಿಕ್ಕರೆ ಅದರ ಫಲ ಜುಲೈನಲ್ಲಿ ಕಾಣುತ್ತದೆ, ಕುರಿಗಳು ಗಬ್ಬ ಕಟ್ಟುವುದಿಲ್ಲ. ಹಿಂಡುವ ಹೊತ್ತಿನಲ್ಲಿ ಎಮ್ಮೆಗೆ ಒಂದೇಟು ಬಿದ್ದರೆ ಫಲ ಆ ಕ್ಷಣಕ್ಕೇ ಗೊತ್ತಾಗುತ್ತದೆ, ಹಾಲು ಇಳಿಯುವುದಿಲ್ಲ. ಎರಡೂ ರಕ್ತಕ್ಕೆ ಹಾರ್ಮೋನು ಬಿಡುವ ಗ್ರಂಥಿಗಳ ಕೆಲಸವೇ. ಆದರೆ ಒಂದೊಂದು ಗ್ರಂಥಿಯ ವೇಳೆ ಒಂದೊಂದು ತೆರ. ಈ ವೇಳೆಯ ಲೆಕ್ಕ ತಿಳಿಯದೆ ಹೋದರೆ ಇಂದಿನ ತೊಂದರೆಗೆ ನಿನ್ನೆಯ ಹಿಂಡಿಯನ್ನೋ ಯಾರದೋ ದೃಷ್ಟಿಯನ್ನೋ ದೂರುತ್ತೇವೆ.

ಬಳ್ಳಾರಿ, ರಾಯಚೂರು, ಕೊಪ್ಪಳದ ಸಾಕಣೆದಾರರಿಗೆ ಇದರ ಜೊತೆ ಇನ್ನೊಂದು ಮಾತು ಹೇಳಬೇಕಿದೆ. ಸಂತೆಗೆ ಸಾಗಿಸುವ ಮುಂಚೆ, ಟಗರಿನ ಕಾಳಗದ ಮುಂಚೆ, ಕಾರಹುಣ್ಣಿಮೆಗೆ ಕರಿ ಹರಿಯುವ ಮುಂಚೆ, ಇಲ್ಲವೆ ದಣಿದು ಬಂದ ಎತ್ತಿಗೆ ‘ಮೈ ಹಗುರಾಗಲಿ’ ಎಂದು ಸಾರಾಯಿ ಕುಡಿಸುವವರು ಇದ್ದಾರೆ. ದಣಿವು ಯಾವ ಗ್ರಂಥಿಗಳನ್ನು ಕೆಡಿಸುತ್ತದೆಯೋ ಮದ್ಯ ಬಹುಪಾಲು ಅವನ್ನೇ ಮತ್ತೊಮ್ಮೆ ಕೆಡಿಸುತ್ತದೆ. ಪ್ರಾಣಿ ಶಾಂತವಾದಂತೆ ಕಾಣುವುದು ಹೊರಗಿನಿಂದ ಮಾತ್ರ.

ಗ್ರಂಥಿಗಳ ವೇಳಾಪಟ್ಟಿ

ಮೂತ್ರಪಿಂಡಗಳ ಮುಂಭಾಗದಲ್ಲಿ ಕೊಬ್ಬಿನೊಳಗೆ ಹುದುಗಿರುವ ಪುಟ್ಟ ಗಂಟುಗಳೇ ಅಡ್ರಿನಲ್ ಗ್ರಂಥಿಗಳು. ಕುರಿ ಕೊಯ್ಯುವವರು ದಿನವೂ ಇವನ್ನು ನೋಡುತ್ತಾರೆ. ಅಡ್ಡಕ್ಕೆ ಸೀಳಿದರೆ ಹೊರಪದರ ಮತ್ತು ಒಳತಿರುಳು ಬೇರೆಬೇರೆಯಾಗಿ ಕಾಣುತ್ತವೆ. ಒಳತಿರುಳಿಗೆ ನರದ ನೇರ ಸಂಪರ್ಕವಿದೆ. ನಾಯಿ ಬೊಗಳಿದ ಕ್ಷಣಕ್ಕೇ ಅದು ಅಡ್ರಿನಲಿನ್ ಸುರಿಯುತ್ತದೆ, ಎದೆ ಬಡಿತ ಏರುತ್ತದೆ, ಚರ್ಮಕ್ಕೆ ಮತ್ತು ಕೆಚ್ಚಲಿಗೆ ಹೋಗುವ ರಕ್ತ ಕಡಿಮೆಯಾಗುತ್ತದೆ. ಹೊರಪದರಕ್ಕೆ ಸುದ್ದಿ ಮುಟ್ಟುವುದು ರಕ್ತದ ಮೂಲಕ. ಮಿದುಳಿನ ಹೈಪೊಥಲಾಮಸ್ ಎಂಬ ಭಾಗ ತನ್ನ ಕೆಳಗಿರುವ ಪಿಟ್ಯುಟರಿ ಗ್ರಂಥಿಗೆ ಹೇಳುತ್ತದೆ, ಪಿಟ್ಯುಟರಿ ಎ.ಸಿ.ಟಿ.ಎಚ್. ಎಂಬ ಹಾರ್ಮೋನು ಬಿಡುತ್ತದೆ, ಅದು ತಲುಪಿದ ಮೇಲೆ ಹೊರಪದರ ಕಾರ್ಟಿಸಾಲ್ ತಯಾರಿಸುತ್ತದೆ. ಇದಕ್ಕೆ ಎರಡು ಮೂರು ನಿಮಿಷ ಹಿಡಿಯುತ್ತದೆ. ತುದಿ ಮುಟ್ಟಲು 15ರಿಂದ 30 ನಿಮಿಷ. ಕಾರಣ ಹೋದರೆ ಒಂದೆರಡು ಗಂಟೆಯಲ್ಲಿ ಇಳಿಯುತ್ತದೆ. ದನ, ಕುರಿ, ಮೇಕೆ, ಹಂದಿ, ನಾಯಿಗಳಲ್ಲಿ ಮುಖ್ಯವಾದದ್ದು ಕಾರ್ಟಿಸಾಲ್. ಕೋಳಿ ಮತ್ತು ಇಲಿಗಳಲ್ಲಿ ಅದರ ಸೋದರ ಕಾರ್ಟಿಕೊಸ್ಟಿರಾನ್.

ಕಾರ್ಟಿಸಾಲ್ ಶತ್ರುವಲ್ಲ. ಆಪತ್ತಿನಲ್ಲಿ ರಕ್ತಕ್ಕೆ ಸಕ್ಕರೆ ಒದಗಿಸಿ ಪ್ರಾಣ ಉಳಿಸುವುದು ಅದೇ. ಅದು ಇಳಿಯದೆ ದಿನಗಟ್ಟಲೆ ನಿಂತಾಗ ಕೇಡು ಶುರುವಾಗುತ್ತದೆ. 1936ರಲ್ಲಿ ಮಾಂಟ್ರಿಯಲ್‌ನಲ್ಲಿದ್ದ ಹ್ಯಾನ್ಸ್ ಸೆಲ್ಯೆ ಇಲಿಗಳ ಮೇಲಿನ ಪ್ರಯೋಗಗಳ ಬಗ್ಗೆ ಬರೆದ ಚಿಕ್ಕ ಟಿಪ್ಪಣಿಯಲ್ಲಿ ಮೂರು ಗುರುತುಗಳನ್ನು ಹೇಳಿದ್ದರು: ಅಡ್ರಿನಲ್ ದಪ್ಪವಾಗುವುದು, ಥೈಮಸ್ ಕುಗ್ಗುವುದು, ಹೊಟ್ಟೆಯಲ್ಲಿ ಹುಣ್ಣಾಗುವುದು. ಚಳಿಯಿರಲಿ, ಗಾಯವಿರಲಿ, ವಿಷವಿರಲಿ, ಗುರುತು ಅವೇ ಮೂರು. ಥೈಮಸ್ ಎಂದರೆ ರೋಗ ತಡೆಯುವ ರಕ್ತಕಣಗಳು ಬಲಿಯುವ ಗ್ರಂಥಿ, ಅದು ಕುಗ್ಗಿತೆಂದರೆ ರೋಗ ತಡೆಯುವ ಶಕ್ತಿ ಕುಗ್ಗಿತು. ದೂರ ಸಾಗಿಸಿ ತಂದ ದನಕ್ಕೆ ವಾರದೊಳಗೆ ಕೆಮ್ಮು, ನ್ಯುಮೋನಿಯಾ, ಗಂಟಲು ಬೇನೆ ಬರುವುದರ ಹಿಂದೆ ಈ ಕಾರಣವೂ ಇದೆ. ಲಸಿಕೆಯನ್ನು ಸಾಗಣೆಗೆ ಕನಿಷ್ಠ ಎರಡು ವಾರ ಮುಂಚೆ ಹಾಕಿಸಿ. ಲಾರಿ ಹತ್ತಿಸುವ ದಿನ ಹಾಕಿಸಿದರೆ ದೇಹ ಅದಕ್ಕೆ ಸರಿಯಾಗಿ ಸ್ಪಂದಿಸುವುದಿಲ್ಲ.

ಕಾರ್ಟಿಸಾಲ್ ಹೆಚ್ಚಿದ್ದಷ್ಟು ಕಾಲ ಹೈಪೊಥಲಾಮಸ್ ಸಂತಾನದ ಕೆಲಸವನ್ನು ಪಕ್ಕಕ್ಕಿಡುತ್ತದೆ. ಅಂಡ ಬಿಡುಗಡೆಗೆ ಬೇಕಾದ ಎಲ್.ಎಚ್. ಹಾರ್ಮೋನು ತಡವಾಗುತ್ತದೆ ಅಥವಾ ಬರುವುದೇ ಇಲ್ಲ. ಬೆದೆ ಮೂಕವಾಗುತ್ತದೆ, ಅಂಡಾಶಯದಲ್ಲಿ ನೀರುಗುಳ್ಳೆ ನಿಲ್ಲಬಹುದು. ಬಿಸಿಲಿನಲ್ಲಿ ಥೈರಾಯ್ಡ್ ಕೂಡ ತನ್ನ ಕೆಲಸ ತಗ್ಗಿಸುತ್ತದೆ. ಮೈಯೊಳಗೆ ಶಾಖ ಕಡಿಮೆ ಹುಟ್ಟಲಿ ಎಂಬುದು ಅದರ ಉಪಾಯ, ಆದರೆ ಅದರ ಜೊತೆಗೆ ಮೇವು, ಹಾಲು, ಬೆಳವಣಿಗೆ ಮೂರೂ ಇಳಿಯುತ್ತವೆ.

ಇಲ್ಲೊಂದು ಎಚ್ಚರಿಕೆ. ನಾಟಿ ‘ಡಾಕ್ಟರು’ಗಳು ಎಲ್ಲದಕ್ಕೂ ಹಾಕುವ ಡೆಕ್ಸಾ (ಡೆಕ್ಸಾಮೆಥಾಸೋನ್) ಸೂಜಿ ಕಾರ್ಟಿಸಾಲ್‌ನಂತೆಯೇ ಕೆಲಸ ಮಾಡುವ ಔಷಧ. ಕುರಿಯಲ್ಲಿ ಹೆರಿಗೆ ಶುರುವಾಗುವುದೇ ಹೊಟ್ಟೆಯಲ್ಲಿರುವ ಮರಿಯ ಅಡ್ರಿನಲ್ ಬಿಡುವ ಕಾರ್ಟಿಸಾಲ್‌ನಿಂದ. ದಿನ ತುಂಬುತ್ತಿರುವ ಆಕಳಿಗೋ ಕುರಿಗೋ ಡೆಕ್ಸಾ ಹಾಕಿದರೆ ಅವಧಿಗೆ ಮುಂಚೆ ಹೆರಿಗೆಯಾಗಬಹುದು. ಸೂಜಿ ಚುಚ್ಚುವ ಮೊದಲು ಬಾಟಲಿಯ ಮೇಲಿನ ಹೆಸರು ಓದಿಸಿಕೊಳ್ಳಿ.

ಮೊದಲು ಅಳೆಯಿರಿ

ಬೇಕಾದದ್ದು ಉಷ್ಣಾಂಶ ಮತ್ತು ಆರ್ದ್ರತೆ ಎರಡನ್ನೂ ತೋರಿಸುವ ಒಂದು ಸಣ್ಣ ಮೀಟರು, ಗುದದ್ವಾರಕ್ಕೆ ಇಡುವ ಥರ್ಮಾಮೀಟರು ಮತ್ತು ಕೈಗಡಿಯಾರ. ಮೀಟರನ್ನು ದನದ ಬೆನ್ನಿನ ಎತ್ತರಕ್ಕೆ, ನೆರಳಿನಲ್ಲಿ ತೂಗುಹಾಕಿ.

ಲೆಕ್ಕ ಹೀಗೆ: ಸೆಲ್ಸಿಯಸ್ ಉಷ್ಣಾಂಶವನ್ನು 0.8ರಿಂದ ಗುಣಿಸಿ. ಅದೇ ಉಷ್ಣಾಂಶದಲ್ಲಿ 14.4 ಕಳೆದು ಉಳಿದದ್ದನ್ನು ಆರ್ದ್ರತೆಯಿಂದ ಗುಣಿಸಿ (ಶೇ. 25 ಇದ್ದರೆ 0.25). ಎರಡನ್ನೂ ಕೂಡಿಸಿ, ಅದಕ್ಕೆ 46.4 ಸೇರಿಸಿ. ಬರುವ ಅಂಕಿ 72 ದಾಟಿದರೆ ಹಾಲು ಕೊಡುವ ಮಿಶ್ರತಳಿ ಆಕಳಿಗೆ ಒತ್ತಡ ಶುರುವಾಯಿತು ಎಂದರ್ಥ.

ರಾಯಚೂರಿನ ಮೇ ಮಧ್ಯಾಹ್ನ 41 ಡಿಗ್ರಿ, ಶೇ. 25 ಆರ್ದ್ರತೆ ಎಂದಿಟ್ಟುಕೊಳ್ಳಿ: 32.8, 6.65, 46.4 ಸೇರಿ ಸುಮಾರು 86. ರಾತ್ರಿ 29 ಡಿಗ್ರಿ, ಶೇ. 50 ಇದ್ದರೆ ಸುಮಾರು 77. ಅಂದರೆ ರಾತ್ರಿಯೂ ಗ್ರಂಥಿಗಳಿಗೆ ಬಿಡುವಿಲ್ಲ. ಈಗ ಜುಲೈ ಕೊನೆಯ ಲೆಕ್ಕ ನೋಡಿ. ತುಂಗಭದ್ರಾ ಕಾಲುವೆಗೆ ನೀರು ಬಿಟ್ಟು ಗಂಗಾವತಿ, ಸಿಂಧನೂರು, ಸಿರುಗುಪ್ಪದ ಗದ್ದೆಗಳಲ್ಲಿ ನಾಟಿ ಸಾಗಿರುವ ಹೊತ್ತು. 34 ಡಿಗ್ರಿ, ಶೇ. 65 ಆರ್ದ್ರತೆ. ಬರುವುದು ಮತ್ತೆ 86! ಬೇಸಿಗೆ ಮುಗಿಯಿತೆಂದು ಫ್ಯಾನು ಬಿಚ್ಚಿ ಅಟ್ಟಕ್ಕೆ ಹಾಕುವವರು ಎಡವುವುದು ಇಲ್ಲಿಯೇ. ಒಣ ಮೇ ತಿಂಗಳಲ್ಲಿ ಮೈಮೇಲೆ ಚಿಮುಕಿಸಿದ ನೀರು ತಾನಾಗಿ ಆರಿ ತಂಪು ಕೊಡುತ್ತದೆ. ಗದ್ದೆ ಬಯಲಿನ ಜುಲೈನಲ್ಲಿ ಅದು ಆರುವುದಿಲ್ಲ, ಗಾಳಿ ಆಡಿಸದಿದ್ದರೆ ಕೊಟ್ಟಿಗೆಯ ಆರ್ದ್ರತೆಯನ್ನೇ ಹೆಚ್ಚಿಸುತ್ತದೆ.

ಮೀಟರಿಲ್ಲದಿದ್ದರೂ ಪಕ್ಕೆ ನೋಡಿ ಲೆಕ್ಕ ಹಾಕಬಹುದು. ಮಧ್ಯಾಹ್ನ 2ರಿಂದ 3ರೊಳಗೆ, ನೆರಳಲ್ಲಿ ಸುಮ್ಮನೆ ನಿಂತ ಅಥವಾ ಮಲಗಿದ ಪ್ರಾಣಿಯ ಪಕ್ಕೆ ಎಷ್ಟು ಸಲ ಏರಿಳಿಯುತ್ತದೆ ಎಂದು 30 ಸೆಕೆಂಡು ಎಣಿಸಿ ಎರಡರಿಂದ ಗುಣಿಸಿ. ನಿಮಿಷಕ್ಕೆ 40ರಿಂದ 60 ಇದ್ದರೆ ಹಗುರ ಒತ್ತಡ, 60ರಿಂದ 80 ಮಧ್ಯಮ, 80ರಿಂದ 120 ಜೋರು. ಕುರಿ ಬಾಯಿ ತೆರೆದು 200ಕ್ಕೂ ಹೆಚ್ಚು ಸಲ ಉಸಿರಾಡುತ್ತಿದ್ದರೆ ಅದು ಅಪಾಯದ ಗಡಿ. ಓಡಿಸಿಕೊಂಡು ಬಂದು ಎಣಿಸಿದ ಲೆಕ್ಕ ಕೆಲಸಕ್ಕೆ ಬಾರದು. ಥರ್ಮಾಮೀಟರಿನಲ್ಲಿ ಆಕಳು 38ರಿಂದ 39.3 ಡಿಗ್ರಿ, ಕುರಿ 38.5ರಿಂದ 39.9 ತೋರಿಸುವುದು ಸಹಜ. 41 ಮುಟ್ಟಿದರೆ ತಡಮಾಡದೆ ನೀರು ಸುರಿದು ಗಾಳಿ ಹಾಕಿ, ಪಶುವೈದ್ಯರಿಗೆ ಇಲ್ಲವೆ 1962ಕ್ಕೆ ಕರೆ ಮಾಡಿ.

ಬಿಸಿಲಿನ ಒತ್ತಡ ಇಳಿಸುವುದು

ಕೊಟ್ಟಿಗೆಯ ಉದ್ದ ಪೂರ್ವ-ಪಶ್ಚಿಮಕ್ಕಿರಲಿ, ಅಂಚಿನ ಎತ್ತರ 10 ಅಡಿಗೆ ಕಡಿಮೆ ಬೇಡ. ತಗ್ಗಿನ ತಗಡಿನ ಕೆಳಗೆ ನಿಂತ ಎಮ್ಮೆಗೆ ಬಿಸಿಲು ತಪ್ಪಿದರೂ ತಗಡಿನ ಕಾವು ತಪ್ಪದು. ತಗಡಿನ ಮೇಲ್ಮೈಗೆ ಸುಣ್ಣ ಬಳಿಯಿರಿ, ಅದರ ಮೇಲೆ ಅರ್ಧ ಅಡಿ ದಪ್ಪಕ್ಕೆ ನೆಲ್ಲುಹುಲ್ಲು ಹಾಸಿ ಹಗ್ಗ ಬಿಗಿಯಿರಿ. ಕಾರಟಗಿ, ಗಂಗಾವತಿ ಕಡೆ ಹುಲ್ಲಿಗೆ ಬರವಿಲ್ಲ. ದಿನಕ್ಕೆರಡು ಬಾರಿ ಹುಲ್ಲು ನೆನೆಸಿದರೆ ಇನ್ನೂ ಒಳ್ಳೆಯದು.

ನೀರು ಮತ್ತು ಫ್ಯಾನು ಜೊತೆಯಾಗಿ ನಡೆಯಬೇಕು: 1ರಿಂದ 3 ನಿಮಿಷ ಮೈ ತೊಯ್ಯುವಷ್ಟು ನೀರು, ಆಮೇಲೆ 12ರಿಂದ 15 ನಿಮಿಷ ಬರೀ ಗಾಳಿ. ಬೆಳಿಗ್ಗೆ 10ರಿಂದ ಸಂಜೆ 6ರವರೆಗೆ ಇದೇ ಸರದಿ. ಹನಿ ಸಣ್ಣದಾಗಿ ಮಂಜಿನಂತೆ ಬಿದ್ದರೆ ಕೂದಲ ಮೇಲೇ ಕೂತು ಚರ್ಮ ಮುಟ್ಟುವುದಿಲ್ಲ, ದಪ್ಪ ಹನಿಯ ನಾಜಲ್ ಆರಿಸಿ. ಎಮ್ಮೆಯ ಚರ್ಮ ಕಪ್ಪು, ಬೆವರು ಗ್ರಂಥಿ ಆಕಳಿಗಿಂತ ಬಹಳ ವಿರಳ. ಅದಕ್ಕೆ ಮಧ್ಯಾಹ್ನ ಒಂದೆರಡು ಗಂಟೆ ಕೆರೆಯಲ್ಲಿ ಮಲಗಲು ಬಿಡುವುದಕ್ಕೆ ಸಮನಾದ ಉಪಾಯ ಇನ್ನೊಂದಿಲ್ಲ.

ಮೇವಿನ ಹೊತ್ತು ಬದಲಿಸಿದರೆ ಖರ್ಚಿಲ್ಲದೆ ಅರ್ಧ ಕೆಲಸವಾಗುತ್ತದೆ. ಜೋಳದ ಸೊಪ್ಪೆ, ನೆಲ್ಲುಹುಲ್ಲಿನಂಥ ಒರಟು ಮೇವು ಹೊಟ್ಟೆಯಲ್ಲಿ ಕರಗುವಾಗ ಶಾಖ ಹುಟ್ಟುತ್ತದೆ, ತಿಂದ ಕೆಲವು ಗಂಟೆಗಳ ನಂತರ ಅದು ಹೆಚ್ಚು. ಬೆಳಿಗ್ಗೆ 9ಕ್ಕೆ ತಿಂದರೆ ಆ ಶಾಖ ಸರಿಯಾಗಿ ಮಧ್ಯಾಹ್ನದ ಬಿಸಿಲಿಗೆ ಜೊತೆಯಾಗುತ್ತದೆ. ದಿನದ ಒಣಮೇವಿನ ಮೂರರಲ್ಲಿ ಎರಡು ಪಾಲನ್ನು ಸಂಜೆ 7ರ ನಂತರ ಹಾಕಿ, ಹಿಂಡಿ ಮತ್ತು ತೌಡನ್ನು ಬೆಳಗಿನ ಜಾವ ಕೊಡಿ. ದೊಡ್ಡ ದನಕ್ಕೆ ದಿನಕ್ಕೆ 50 ಗ್ರಾಂ ಖನಿಜ ಮಿಶ್ರಣ, 30 ಗ್ರಾಂ ಉಪ್ಪು. ಬೆವರಿನಲ್ಲೂ ಜೊಲ್ಲಿನಲ್ಲೂ ಲವಣ ಹೋಗಿರುತ್ತದೆ. ನೀರಿನ ತೊಟ್ಟಿ ನೆರಳಲ್ಲಿರಲಿ. ಹಾಲು ಕೊಡುವ ಎಮ್ಮೆ ಬೇಸಿಗೆಯಲ್ಲಿ ದಿನಕ್ಕೆ 70ರಿಂದ 100 ಲೀಟರ್ ಕುಡಿಯುತ್ತದೆ, ಎರಡು ಬಕೆಟ್ ಇಟ್ಟು ಕುಡಿಯಲಿಲ್ಲ ಎನ್ನಬೇಡಿ.

ಹಿಂಡುವ ಹೊತ್ತು

ಕೆಚ್ಚಲು ತೊಳೆದು ತಿಕ್ಕಿದ ಒಂದೆರಡು ನಿಮಿಷದಲ್ಲಿ ಪಿಟ್ಯುಟರಿಯಿಂದ ಆಕ್ಸಿಟೋಸಿನ್ ಬಂದು ಹಾಲು ಇಳಿಯುತ್ತದೆ. ಅದರ ಜೋರು 6ರಿಂದ 8 ನಿಮಿಷ. ಅಷ್ಟರಲ್ಲಿ ಹಿಂಡಿ ಮುಗಿಸಬೇಕು. ಎಮ್ಮೆಗಳು ತುಸು ತಡವಾಗಿ ಇಳಿಸುತ್ತವೆ, ಆತುರಪಡಬೇಡಿ. ನಡುವೆ ಪ್ರಾಣಿ ಬೆದರಿದರೆ ಅಡ್ರಿನಲಿನ್ ಕೆಚ್ಚಲಿನ ರಕ್ತನಾಳಗಳನ್ನು ಬಿಗಿಯುತ್ತದೆ, ಆಕ್ಸಿಟೋಸಿನ್ ಬಂದರೂ ಹಾಲಿನ ಚೀಲ ಮುಟ್ಟುವುದಿಲ್ಲ. ಆಗ ಹೊಡೆದರೆ, ಗದರಿದರೆ ಇನ್ನಷ್ಟು ಬಿಗಿಯುತ್ತದೆ. 20ರಿಂದ 30 ನಿಮಿಷ ಬಿಟ್ಟು, ಕರು ತಂದು ಅಥವಾ ಕೆಚ್ಚಲು ಮತ್ತೆ ತೊಳೆದು ಪ್ರಯತ್ನಿಸಿ. ಹಾಲು ಇಳಿಸಲು ದಿನವೂ ಆಕ್ಸಿಟೋಸಿನ್ ಸೂಜಿ ಹಾಕುವ ಅಭ್ಯಾಸ ಬೇಡ, ಕ್ರಮೇಣ ಸೂಜಿ ಇಲ್ಲದೆ ಇಳಿಸುವುದೇ ನಿಲ್ಲುತ್ತದೆ. ಕೆಚ್ಚಲಲ್ಲಿ ಉಳಿದ ಹಾಲು ಮುಂದಿನ ಹೊತ್ತಿನ ಉತ್ಪಾದನೆಯನ್ನೂ ತಗ್ಗಿಸುತ್ತದೆ.

ಬೆದೆ ಮತ್ತು ಬೀಜದ ಟಗರು

ಬೇಸಿಗೆಯ ಎಮ್ಮೆ ಬೆದೆಗೆ ಬಂದರೂ ಕೂಗುವುದಿಲ್ಲ. ಬೆಳಗಿನ ಜಾವ 4ರಿಂದ 6 ಮತ್ತು ರಾತ್ರಿ 9ರ ಮೇಲೆ ಬ್ಯಾಟರಿ ಹಿಡಿದು ನೋಡಿ. ಮಲಗಿದಾಗ ಜಾರುವ ಲೋಳೆ, ಊದಿದ ಯೋನಿ, ಪದೇ ಪದೇ ಮೂತ್ರ, ಇದ್ದಕ್ಕಿದ್ದಂತೆ ಇಳಿದ ಹಾಲು, ಇವೇ ಗುರುತು. ಗರ್ಭಧಾರಣೆ ಮಾಡಿಸಿದ ನಂತರದ ವಾರ ಬಹಳ ಸೂಕ್ಷ್ಮ. ಮೊದಲ ಮೂರು ದಿನಗಳ ಭ್ರೂಣಕ್ಕೆ ತಾಯಿಯ ಮೈಕಾವು ಸಹಿಸುವ ಶಕ್ತಿ ಇಲ್ಲ. ಆ ವಾರ ಬಿಸಿಲಲ್ಲಿ ಮೇಯಿಸುವುದಾಗಲಿ ದೂರ ನಡೆಸುವುದಾಗಲಿ ಬೇಡ.

ಟಗರಿನ ವೃಷಣ ಮೈಕಾವಿಗಿಂತ ಕೆಲವು ಡಿಗ್ರಿ ತಂಪಾಗಿರಬೇಕು. ವೀರ್ಯಾಣು ಹುಟ್ಟಿ ಬಲಿಯಲು ಸುಮಾರು 49 ದಿನ, ಕೊಳವೆ ದಾಟಿ ಹೊರಬರಲು ಇನ್ನೆರಡು ವಾರ, ಒಟ್ಟು ಎರಡು ತಿಂಗಳು. ಜೂನ್–ಜುಲೈನಲ್ಲಿ ಹಿಂಡಿಗೆ ಬಿಡುವ ಕೆಂಗುರಿ ಅಥವಾ ಬಳ್ಳಾರಿ ತಳಿಯ ಟಗರಿಗೆ ನೆರಳಿನ ಆರೈಕೆ ಏಪ್ರಿಲ್‌ನಲ್ಲೇ ಶುರುವಾಗಬೇಕು. ವೃಷಣದ ಚೀಲದ ಮೇಲಿನ ಉಣ್ಣೆ ಕತ್ತರಿಸಿ. ಬೆನ್ನಿನ ಉಣ್ಣೆಯನ್ನು ಮಾತ್ರ ಬೋಳಿಸಬೇಡಿ, ಒಂದು ಇಂಚು ಉಳಿದರೆ ಬಿಸಿಲಿಗೆ ಅಡ್ಡವಾಗುತ್ತದೆ. ತಿಂಗಳಿಗೊಮ್ಮೆ ಟೇಪು ಸುತ್ತಿ ಚೀಲದ ಸುತ್ತಳತೆ ಬರೆದಿಡಿ. ಅಳತೆ 2 ಸೆಂ.ಮೀ. ಇಳಿದು, ಮುಟ್ಟಿದರೆ ಮೆತ್ತಗಿದ್ದರೆ ಆ ಟಗರನ್ನು ಈ ಸಲ ನೆಚ್ಚಬೇಡಿ. ನಮ್ಮ ಹತ್ತಿ ಸೀಮೆಗೆ ಇನ್ನೊಂದು ಮಾತು: ಹತ್ತಿಕಾಳಿನ ಗಾಸಿಪಾಲ್ ಎಂಬ ವಸ್ತು ವೀರ್ಯವನ್ನು ಕೆಡಿಸಬಲ್ಲದು. ಹಾಲಿನ ಎಮ್ಮೆಗೆ ಮಿತವಾಗಿ ಹಾಕಿದರೆ ತೊಂದರೆಯಿಲ್ಲ, ಬೀಜದ ಟಗರಿಗೂ ಎಳೆ ಕರುವಿಗೂ ಬೇಡ.

ಸಾಗಿಸುವಾಗ

ಕುರಿಯೊಂದಕ್ಕೆ ವಾಹನದಲ್ಲಿ 0.3 ಚದರ ಮೀಟರ್ ಜಾಗ ಬೇಕು. ಎಂಟಡಿ ಉದ್ದ, ಐದೂವರೆ ಅಡಿ ಅಗಲದ ಪಿಕಪ್ ತೊಟ್ಟಿಲಿಗೆ 13 ಕುರಿ. 25 ತುಂಬಿದ ಗಾಡಿ ಯಾವ ಸಂತೆಯ ದಿನವೂ ಕಾಣಸಿಗುತ್ತದೆ, ಅದರಲ್ಲಿ ಬಿದ್ದ ಕುರಿ ಏಳುವುದಿಲ್ಲ. ಸಂಜೆ ಇಳಿಹೊತ್ತಿಗೆ ಹತ್ತಿಸಿ, ಮಣ್ಣಿನ ದಿಬ್ಬವನ್ನೋ ಹಲಗೆಯನ್ನೋ ಬಳಸಿ, ಬೇರೆ ಹಿಂಡಿನ ಟಗರುಗಳನ್ನು ಬೆರೆಸಬೇಡಿ. ನೆಲಕ್ಕೆ ಹುಲ್ಲು ಹಾಸಿ. ಭಯ ಮತ್ತು ಗುದ್ದಾಟದಲ್ಲಿ ಸ್ನಾಯುವಿನ ಸಕ್ಕರೆ ತೀರಿಹೋದರೆ ಕೊಯ್ದ ಮೇಲೆ ಮಾಂಸ ಹುಳಿಯಾಗುವುದಿಲ್ಲ. ಅದರ ಪಿಎಚ್ (ಹುಳಿಯ ಅಳತೆ, ಹುಳಿ ಹೆಚ್ಚಿದಷ್ಟೂ ಅಂಕಿ ಕಡಿಮೆ) 5.5ರ ಆಸುಪಾಸಿಗೆ ಇಳಿಯುವ ಬದಲು 6ರ ಮೇಲೆ ನಿಂತು, ಮಾಂಸ ಕಪ್ಪಗೆ ಅಂಟಾಗಿ ಬೇಗ ಕೆಡುತ್ತದೆ. ವ್ಯಾಪಾರಿ ಕಡಿಮೆ ಬೆಲೆ ಹೇಳುವುದು ಸುಮ್ಮನೆ ಅಲ್ಲ.

ಮದ್ಯ ಒಳಗೆ ಹೋದಾಗ

ಮೊದಲು ಪ್ರಮಾಣ. 180 ಮಿ.ಲೀ.ನ ಕ್ವಾರ್ಟರ್ ವಿಸ್ಕಿಯಲ್ಲಿ ಶೇ. 42.8ರ ಲೆಕ್ಕದಂತೆ 77 ಮಿ.ಲೀ., ಅಂದರೆ ಸುಮಾರು 61 ಗ್ರಾಂ ಶುದ್ಧ ಆಲ್ಕೋಹಾಲ್ ಇರುತ್ತದೆ. 60 ಕೆ.ಜಿ. ಮನುಷ್ಯನಿಗೆ ಇದು ಕೆ.ಜಿ.ಗೆ 1 ಗ್ರಾಂ. 25 ಕೆ.ಜಿ. ಟಗರಿಗೆ 2.4 ಗ್ರಾಂ. ‘ಒಂದೇ ಕ್ವಾರ್ಟರ್’ ಎನ್ನುವವರು ಈ ಭಾಗಾಕಾರ ಮಾಡಿರುವುದಿಲ್ಲ. 350 ಕೆ.ಜಿ. ಎತ್ತಿಗೆ ಇಡೀ 750 ಮಿ.ಲೀ. ಬಾಟಲಿ ಸುರಿದರೆ ಕೆ.ಜಿ.ಗೆ 0.7 ಗ್ರಾಂ. ಬೀಳದಿರಬಹುದು, ಓಟದಲ್ಲಿ ಕಾಲು ತಪ್ಪಲು ಅಷ್ಟು ಸಾಕು.

ಗ್ರಂಥಿಗಳ ಮೇಲೆ ಮದ್ಯದ ಕೆಲಸದ ಬಗ್ಗೆ ತಿಳಿದಿರುವುದರಲ್ಲಿ ಹೆಚ್ಚಿನದು ಇಲಿಗಳ ಪ್ರಯೋಗಗಳಿಂದ ಬಂದದ್ದು. ಅಮಲೇರುವಷ್ಟು ಮದ್ಯ ಕೊಟ್ಟ ಇಲಿಯಲ್ಲಿ ಬೇರಾವ ಭಯವಿಲ್ಲದಿದ್ದರೂ ಎ.ಸಿ.ಟಿ.ಎಚ್. ಮತ್ತು ಕಾರ್ಟಿಕೊಸ್ಟಿರಾನ್ ಏರುತ್ತವೆ. ಮಿದುಳು ಮಂಕಾಗುತ್ತದೆ, ಅಡ್ರಿನಲ್ ಮಾತ್ರ ದುಡಿಯುತ್ತಲೇ ಇರುತ್ತದೆ. ದಿನವೂ ಕೊಟ್ಟರೆ ಈ ವ್ಯವಸ್ಥೆ ಮೊಂಡಾಗಿ, ನಿಜವಾದ ಆಪತ್ತು ಬಂದಾಗ ಸರಿಯಾಗಿ ಏಳುವುದಿಲ್ಲ. ಗಬ್ಬದ ಇಲಿಗೆ ಕೊಟ್ಟಾಗ ಹುಟ್ಟಿದ ಮರಿಗಳು ದೊಡ್ಡವಾದ ಮೇಲೂ ಸಣ್ಣ ಒತ್ತಡಕ್ಕೆ ಅತಿಯಾಗಿ ಸ್ಪಂದಿಸುತ್ತವೆ. ವೃಷಣದಲ್ಲಿ ಟೆಸ್ಟೊಸ್ಟಿರಾನ್ ತಯಾರಿಸುವ ಲೇಡಿಗ್ ಕೋಶಗಳಿಗೆ ಮದ್ಯವೂ ವಿಷ, ಅದು ಒಡೆದು ಬರುವ ಅಸಿಟಾಲ್ಡಿಹೈಡ್ ಕೂಡ ವಿಷ. ಕಾಳಗದ ಟಗರಿಗೆ ‘ಗಂಡಸುತನ’ ಬರಲಿ ಎಂದು ಕುಡಿಸುವವರು ಮಾಡುತ್ತಿರುವುದು ತದ್ವಿರುದ್ಧ ಕೆಲಸ.

ಪಿಟ್ಯುಟರಿಯ ಹಿಂಭಾಗದಿಂದ ಬರುವ ಎರಡು ಹಾರ್ಮೋನುಗಳನ್ನು ಮದ್ಯ ತಡೆಯುತ್ತದೆ. ಒಂದು, ಮೂತ್ರ ಹಿಡಿದಿಡುವ ವ್ಯಾಸೊಪ್ರೆಸಿನ್. ಅದು ನಿಂತರೆ ಪ್ರಾಣಿ ಕುಡಿದದ್ದಕ್ಕಿಂತ ಹೆಚ್ಚು ನೀರನ್ನು ಮೂತ್ರದಲ್ಲಿ ಕಳೆಯುತ್ತದೆ. ಬಿಸಿಲಲ್ಲಿ ಒಣಗಿದ ಎತ್ತಿಗೆ ಇದಕ್ಕಿಂತ ಕೆಟ್ಟದ್ದಿಲ್ಲ. ಇನ್ನೊಂದು ಆಕ್ಸಿಟೋಸಿನ್. 1960ರ ದಶಕದಲ್ಲಿ ಹೆಂಗಸರ ಅಕಾಲ ಹೆರಿಗೆ ತಡೆಯಲು ವೈದ್ಯರು ಮದ್ಯವನ್ನು ರಕ್ತನಾಳಕ್ಕೆ ಕೊಡುತ್ತಿದ್ದುದೇ ಈ ಗುಣಕ್ಕಾಗಿ. ಹಾಲು ಇಳಿಸದ, ಕರು ಹಾಕಲು ತಿಣುಕುತ್ತಿರುವ ಎಮ್ಮೆಗೆ ಸಾರಾಯಿ ಕುಡಿಸಿದರೆ ಎರಡೂ ಇನ್ನಷ್ಟು ತಡವಾಗುತ್ತವೆ.

ಮೆಲುಕು ಹಾಕುವ ಪ್ರಾಣಿಗಳಿಗೆ ಎಲ್ಲಕ್ಕಿಂತ ದೊಡ್ಡ ಅಪಾಯ ಸಕ್ಕರೆಯದು. ಇವು ತಿಂದ ಪಿಷ್ಟವನ್ನು ದೊಡ್ಡ ಹೊಟ್ಟೆಯ ಸೂಕ್ಷ್ಮಜೀವಿಗಳೇ ತಿಂದುಬಿಡುತ್ತವೆ. ರಕ್ತಕ್ಕೆ ಬೇಕಾದ ಗ್ಲೂಕೋಸನ್ನು ಯಕೃತ್ತು ಹಗಲಿರುಳು ಹೊಸದಾಗಿ ತಯಾರಿಸಬೇಕು. ಮದ್ಯವನ್ನು ಒಡೆಯುವ ಕೆಲಸ ಬಿದ್ದಾಗ ಈ ತಯಾರಿಕೆಗೆ ಅಡ್ಡಿಯಾಗುತ್ತದೆ. ದಣಿವಿನಲ್ಲಿ ಕಾರ್ಟಿಸಾಲ್ ‘ಸಕ್ಕರೆ ತಾ’ ಎನ್ನುತ್ತದೆ, ಯಕೃತ್ತಿಗೆ ಆಗದು. ಅವಳಿ ಮರಿ ಹೊತ್ತು ಕೊನೆಯ ತಿಂಗಳಲ್ಲಿರುವ ಕುರಿ ದಾರಿ ನಡೆದು ಸುಸ್ತಾಗಿ ಮಂಕಾಗಿ ನಿಂತಿದ್ದರೆ ಅದು ಬಹುಶಃ ಆಗಲೇ ಸಕ್ಕರೆ ಕೊರತೆಯಲ್ಲಿದೆ. ಅದಕ್ಕೆ ಬೇಕಾದದ್ದು ಪಶುವೈದ್ಯರು ರಕ್ತನಾಳಕ್ಕೆ ಹಾಕುವ ಡೆಕ್ಸ್‌ಟ್ರೋಸ್ ಎಂಬ ಸಕ್ಕರೆ ದ್ರಾವಣ, ಬಾಯಿಂದ 60 ಮಿ.ಲೀ. ಪ್ರೊಪಿಲಿನ್ ಗ್ಲೈಕಾಲ್ (ಯಕೃತ್ತು ಸಕ್ಕರೆಯಾಗಿಸುವ ದ್ರವ) ದಿನಕ್ಕೆರಡು ಬಾರಿ. ಒಂದು ಗುಟುಕು ಸಾರಾಯಿ ಆ ಕುರಿಯನ್ನು ಕೊಂದೀತು.

ಕುಡಿಸದಿದ್ದರೂ ಮದ್ಯ ಒಳಸೇರುವ ದಾರಿಗಳಿವೆ. ತಿಪ್ಪೆಯಲ್ಲಿ ಹುಳಿತ ಮಾವು, ದ್ರಾಕ್ಷಿ, ಬಾಳೆ. ಗಾಳಿಯಾಡಿದ ಕಬ್ಬಿನ ರಸಮೇವು (ಸೈಲೇಜ್). ಬಿಯರ್ ಕಾರ್ಖಾನೆಯ ಹಸಿ ಬಾರ್ಲಿ ಮಡ್ಡಿ. ತಾಜಾ ಮಡ್ಡಿಯಲ್ಲಿ ಮದ್ಯ ನಗಣ್ಯ, ಆದರೆ ಮುಕ್ಕಾಲು ಪಾಲು ನೀರಿರುವ ಅದು ನಮ್ಮ ಸೆಕೆಗೆ ಎರಡನೇ ದಿನವೇ ಹುಳಿಯುತ್ತದೆ, ಬೂಸ್ಟು ಹಿಡಿಯುತ್ತದೆ. ಎರಡು ದಿನಕ್ಕೆ ಬೇಕಾದಷ್ಟೇ ತನ್ನಿ, ಉಳಿದದ್ದನ್ನು ಪ್ಲಾಸ್ಟಿಕ್ ಚೀಲದಲ್ಲಿ ಗಾಳಿ ಹೊರಡುವಂತೆ ತುಳಿದು ಕಟ್ಟಿ. ರಸಮೇವು ಹೆಂಡದ ವಾಸನೆ ಹೊಡೆದರೆ ಅರ್ಧ ಗಂಟೆ ಹರಡಿ ಗಾಳಿಗೆ ಬಿಟ್ಟು ಹಾಕಿ. ಧಾನ್ಯದಿಂದ ಮದ್ಯ ತೆಗೆದ ಮೇಲೆ ಉಳಿದ ಮಡ್ಡಿಯನ್ನು ಒಣಗಿಸಿ ಬರುವ ಡಿಡಿಜಿಎಸ್‌ನಲ್ಲಿ ಮದ್ಯದ ಚಿಂತೆಯಿಲ್ಲ, ಬೂಸ್ಟಿನ ವಿಷದ ಚಿಂತೆ ಇದೆ. ಇನ್ನು ಕಲಬೆರಕೆ ಸೇಂದಿ. ಅದರಲ್ಲಿ ಕ್ಲೋರಲ್ ಹೈಡ್ರೇಟ್ ಎಂಬ ನಿದ್ದೆ ಬರಿಸುವ ರಾಸಾಯನಿಕ ಬೆರೆತಿದ್ದರೆ ಮದ್ಯದ ಜೊತೆ ಸೇರಿ ಉಸಿರಾಟವನ್ನೇ ತಡೆಯಬಲ್ಲದು.

ತೂರಾಡುವುದೆಲ್ಲ ಮದ್ಯವಲ್ಲ. ಮದುವೆಯ ಅನ್ನವನ್ನೋ ಜೋಳದ ರಾಶಿಯನ್ನೋ ಹೊಟ್ಟೆತುಂಬ ತಿಂದ ದನವೂ ಹಾಗೇ ತೂರಾಡುತ್ತದೆ, ಅದು ಹೊಟ್ಟೆಯಲ್ಲಿ ಹುಟ್ಟಿದ ಲ್ಯಾಕ್ಟಿಕ್ ಆಮ್ಲದ ಕೆಲಸ. ಹೊಟ್ಟೆ ಒತ್ತಿದರೆ ನೀರಾಡಿದಂತಿರುತ್ತದೆ, ಹುಳಿ ನಾರುವ ಭೇದಿ ಇರುತ್ತದೆ. ಅದಕ್ಕೆ ಅಡುಗೆ ಸೋಡಾ ಕೆ.ಜಿ. ತೂಕಕ್ಕೆ 1 ಗ್ರಾಂ, ನೀರಿನಲ್ಲಿ ಕರಗಿಸಿ, ಪ್ರಾಣಿ ಎದ್ದು ನಿಂತಿದ್ದರೆ ಮಾತ್ರ ಕುಡಿಸಿ.

ಮದ್ಯ ಕುಡಿದ ಪ್ರಾಣಿಗೆ ಹೀಗೆ ಮಾಡಿ. ಬಾಯಿಗೆ ಔಷಧ ಸುರಿಯುವ ಗೊಟ್ಟ ಮುಟ್ಟಲೇಬೇಡಿ. ಮಜ್ಜಿಗೆ, ಹುಣಸೆ ನೀರು, ಎಣ್ಣೆ ಯಾವುದೂ ಬೇಡ. ನುಂಗುವ ಶಕ್ತಿ ಮಂಕಾಗಿರುವಾಗ ಸುರಿದದ್ದು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗುತ್ತದೆ. ಸಾಯುವುದು ಎಷ್ಟೋ ಸಲ ಮದ್ಯದಿಂದಲ್ಲ, ಈ ಉಪಚಾರದಿಂದ. ಪಕ್ಕಕ್ಕೆ ಬಿದ್ದಿದ್ದರೆ ಎಬ್ಬಿಸಿ ಎದೆಯ ಮೇಲೆ ಕೂರಿಸಿ, ಎರಡೂ ಬದಿಗೆ ಹುಲ್ಲು ತುಂಬಿದ ಚೀಲ ಒತ್ತುಕೊಡಿ. ಪಕ್ಕಕ್ಕೆ ಮಲಗಿದ ದನಕ್ಕೆ ತೇಗು ಬರದೆ ಹೊಟ್ಟೆ ಉಬ್ಬರಿಸಿ ಉಸಿರು ಕಟ್ಟುತ್ತದೆ. ತಲೆ ಎತ್ತರದಲ್ಲಿ, ಮೂತಿ ಕೆಳಮುಖವಾಗಿರಲಿ, ಜೊಲ್ಲು ಹೊರಗೆ ಹರಿಯಲಿ. ಹಗಲಾದರೆ ನೆರಳು, ರಾತ್ರಿಯಾದರೆ ಕಂಬಳಿ, ಏಕೆಂದರೆ ಮದ್ಯ ಚರ್ಮದ ರಕ್ತನಾಳಗಳನ್ನು ಹಿಗ್ಗಿಸಿ ಮೈಕಾವನ್ನು ಇಳಿಸುತ್ತದೆ. 15 ನಿಮಿಷಕ್ಕೊಮ್ಮೆ ಉಸಿರು ಎಣಿಸಿ ಬರೆಯಿರಿ. ಯಾವ ಮದ್ಯ, ಎಷ್ಟು, ಯಾವಾಗ ಎಂಬುದನ್ನು ಪಶುವೈದ್ಯರಿಗೆ ಮುಚ್ಚಿಡದೆ ಹೇಳಿ, ಡೆಕ್ಸ್‌ಟ್ರೋಸ್ ಪ್ರಮಾಣ ಅದರ ಮೇಲೆ ನಿಲ್ಲುತ್ತದೆ. ತಾನಾಗಿ ಎದ್ದು ನಿಂತ ಮೇಲೆ ಮುಂದೆ ನೀರಿಡಿ. ಪ್ರಾಣಿಗೆ ಹಾನಿಕಾರಕ ವಸ್ತು ಬೇಕೆಂದೇ ಕೊಡುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಮಿನಡಿ ಅಪರಾಧವೂ ಹೌದು.

ಕೋಳಿ

ಕೋಳಿಯ ಅಡ್ರಿನಲ್‌ನಲ್ಲಿ ಹೊರಪದರ, ಒಳತಿರುಳು ಬೇರೆಬೇರೆ ಇಲ್ಲ, ಎರಡೂ ಹೆಣೆದುಕೊಂಡಿವೆ. ಆ ಗ್ರಂಥಿಯಲ್ಲಿ ವಿಟಮಿನ್ ಸಿ ತುಂಬಿರುತ್ತದೆ, ಒತ್ತಡದಲ್ಲಿ ಅದು ಬೇಗ ಖರ್ಚಾಗುತ್ತದೆ. ಬೇಸಿಗೆಯಲ್ಲಿ ಆಹಾರದ ಕೆ.ಜಿ.ಗೆ 250 ಮಿ.ಗ್ರಾಂ ವಿಟಮಿನ್ ಸಿ ಸೇರಿಸುವುದು ಇದಕ್ಕಾಗಿ. ಬೆಳಿಗ್ಗೆ 11ರಿಂದ ಸಂಜೆ 4ರವರೆಗೆ ಆಹಾರದ ತಟ್ಟೆ ಮೇಲೆತ್ತಿ, ನೀರು ಮಾತ್ರ ಎಂದೂ ತಪ್ಪಬಾರದು. ಮಧ್ಯಾಹ್ನ ಶೆಡ್ಡಿನೊಳಗೆ ಓಡಾಡಿ ಎಬ್ಬಿಸಬೇಡಿ.

ಪರೀಕ್ಷೆಗೆ ರಕ್ತ ತೆಗೆಯುವುದಿದ್ದರೆ

ಕಾರ್ಟಿಸಾಲ್ ನೋಡಲು ಹೋಗಿ ಹಿಡಿದ ಗಾಬರಿಯನ್ನೇ ಅಳೆದು ಬರುವುದು ಸಾಮಾನ್ಯ ತಪ್ಪು. ಹಿಡಿದ ಎರಡು ಮೂರು ನಿಮಿಷದೊಳಗೆ ರಕ್ತ ಟ್ಯೂಬಿಗೆ ಬಿದ್ದಿರಬೇಕು. ಹಿಂದಿನ ದಿನಗಳಲ್ಲಿ ಹಿಡಿದು ಬಿಟ್ಟು ರೂಢಿ ಮಾಡಿಸಿ. ದಿನದ ಒಂದೇ ಹೊತ್ತಿಗೆ ತೆಗೆಯಿರಿ, ಏಕೆಂದರೆ ಕಾರ್ಟಿಸಾಲ್ ಹೊತ್ತಿಗೆ ತಕ್ಕಂತೆ ಏರಿಳಿಯುತ್ತದೆ. ವಾರಗಳ ಒತ್ತಡ ತಿಳಿಯಬೇಕಿದ್ದರೆ ಕೂದಲು, ನಿನ್ನೆಯದು ತಿಳಿಯಬೇಕಿದ್ದರೆ ಸಗಣಿ ಒಳ್ಳೆಯ ಮಾದರಿ. ದನದ ಸಗಣಿಯಲ್ಲಿ ಅದು ಸುಮಾರು ಅರ್ಧ ದಿನ ತಡವಾಗಿ ಕಾಣುತ್ತದೆ. ಕೋಳಿಗಳಲ್ಲಿ ರಕ್ತದ ಲೇಪನ ನೋಡಿ ಹೆಟೆರೊಫಿಲ್ ಮತ್ತು ಲಿಂಫೊಸೈಟ್ ಎಂಬ ಎರಡು ಬಗೆಯ ಬಿಳಿ ರಕ್ತಕಣಗಳ ಅನುಪಾತ ಎಣಿಸುವುದು ಅಗ್ಗದ ದಾರಿ: 0.2 ಇದ್ದರೆ ಒತ್ತಡ ಕಡಿಮೆ, 0.8 ಮುಟ್ಟಿದರೆ ಹೆಚ್ಚು. ಹಗ್ಗ ಹಾಕಿದ ಗಳಿಗೆಯಿಂದ ಸೂಜಿ ಹೊಕ್ಕ ಗಳಿಗೆಯವರೆಗೆ ಎಷ್ಟು ನಿಮಿಷವಾಯಿತು ಎಂಬುದನ್ನು ಟ್ಯೂಬಿನ ಚೀಟಿಯ ಮೇಲೆಯೇ ಬರೆಯಿರಿ, ಐದು ದಾಟಿದ ಮಾದರಿಯನ್ನು ಬೇರೆ ಇಡಿ.